ಟರ್ಬೊ ಸೆಡಾನಿನ ಶಕ್ತಿವೃದ್ಧಿ: ದೇಗಾಂವ–ಕಿತ್ತೂರು ಬಯಲಿಗೆ ಹೊಂದುವ ಒಂದು ಲೆಕ್ಕ

1. ಪ್ರಶ್ನೆ ಮತ್ತು ವ್ಯಾಪ್ತಿ

ಗೋವೆಯ ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಹೆಸರಾದ ದೇಗಾಂವ ಕಿತ್ತೂರಿಗೆ ಹತ್ತಿರದ ಊರು. ಅಲ್ಲಿಂದ ಕಿತ್ತೂರಿಗೆ ಬಂದರೆ ಬೆಳಗಾವಿ–ಧಾರವಾಡ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಸಿಗುತ್ತದೆ. ಈ ರಸ್ತೆಯಲ್ಲಿ ಟರ್ಬೊ ಪೆಟ್ರೋಲ್ ಸೆಡಾನ್ ಈಗ ಅಪರೂಪದ ವಾಹನವಲ್ಲ. 2004ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 1.8 ಲೀಟರ್ ಟರ್ಬೊ ಎಂಜಿನ್ನಿನೊಂದಿಗೆ ಭಾರತಕ್ಕೆ ಬಂದಾಗ ಅದರ 150 ಅಶ್ವಶಕ್ತಿ ದೊಡ್ಡ ಸುದ್ದಿಯಾಗಿತ್ತು. ಇಂದು ಫೋಕ್ಸ್‌ವ್ಯಾಗನ್ ವರ್ಟಸ್ 1.5 ಲೀಟರಿನಲ್ಲೇ ಅಷ್ಟು ಶಕ್ತಿ ಕೊಡುತ್ತದೆ. ಹ್ಯುಂಡೈ ವರ್ನಾದ 1.5 ಟರ್ಬೊ 160 ಕೊಡುತ್ತದೆ. ಅಷ್ಟಕ್ಕೆ ತೃಪ್ತರಾಗದೆ ಇನ್ನೂ ಮೂವತ್ತು–ನಲವತ್ತು ಅಶ್ವಶಕ್ತಿ ಬೇಕೆನ್ನುವ ತರುಣರು ನಗರಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಊರುಗಳಲ್ಲೂ ಇದ್ದಾರೆ.

ಇದಕ್ಕೆ ಹಿಡಿಯುವ ದಾರಿ ಸಾಮಾನ್ಯವಾಗಿ ಒಂದೇ: ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ, ಎಂದರೆ ಇಸಿಯುವಿನ, ಕೋಷ್ಟಕಗಳನ್ನು ಬದಲಿಸುವ ರೀಮ್ಯಾಪ್. ಅದರೊಂದಿಗೆ ಒತ್ತಿದ ಗಾಳಿಯನ್ನು ತಂಪಾಗಿಸುವ ದೊಡ್ಡ ಇಂಟರ್‌ಕೂಲರ್, ಸರಾಗವಾದ ಹೊಗೆಕೊಳವೆ, ಬೇರೆ ಏರ್ ಫಿಲ್ಟರ್. ಯುರೋಪಿನ ತಂಪು ಹವೆಯಲ್ಲಿ, ಸಮುದ್ರಮಟ್ಟದ ಹತ್ತಿರ, ಅಲ್ಲಿಯ ಇಂಧನದಲ್ಲಿ ಸಿದ್ಧವಾದ ಮ್ಯಾಪ್, ಅಂದರೆ ಆ ಕೋಷ್ಟಕಗಳ ಗುಂಪು, ನಮ್ಮ ಬಯಲುಸೀಮೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ನಾನು ತಲುಪಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರದೇಶದಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಟರ್ಬೊ ಗಾಳಿಯನ್ನು ಒತ್ತುವ ಬೂಸ್ಟ್ ಒತ್ತಡದಿಂದಾಗಲಿ, ಬಲ ಅಳೆಯುವ ಡೈನೊ ಯಂತ್ರದ ಹಾಳೆಯಿಂದಾಗಲಿ ಅಳೆಯಬಾರದು. ಎಂಜಿನ್ ಒಳಗೆ ಹೋಗುವ ಗಾಳಿಯ ತೂಕ ಮತ್ತು ಬಿಸಿಯಿಂದ ಅಳೆಯಬೇಕು. ಹಾಗೆ ಅಳೆದರೆ ಸುರಕ್ಷಿತವಾಗಿ ಸಿಗುವ ಹೆಚ್ಚಳ ಪ್ರಚಾರದಲ್ಲಿ ಹೇಳುವುದಕ್ಕಿಂತ ಕಡಿಮೆ.

2. ಗಾಳಿಯ ಲೆಕ್ಕ

ಹೊರಹೋಗುವ ಬಿಸಿ ಅನಿಲದಿಂದ ಚಕ್ರ ತಿರುಗಿಸಿ ಒಳಬರುವ ಗಾಳಿಯನ್ನು ಒತ್ತುವ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ತತ್ವ ಇಂದಿಗೂ ಅದೇ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಗುರಾಗುತ್ತದೆ, ಪೆಟ್ರೋಲ್ ಎಂಜಿನ್ನಿನಲ್ಲಿ ನಾಕ್ ಹುಟ್ಟಿಸುತ್ತದೆ. ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಮಿಶ್ರಣ ತಾನಾಗಿ ಸಿಡಿಯುವುದೇ ನಾಕ್.

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ದೇಗಾಂವದ ಲೆಕ್ಕಕ್ಕೂ ಇದೇ ಎತ್ತರವನ್ನು ಹಿಡಿದಿದ್ದೇನೆ. ಇಲ್ಲಿ ಗಾಳಿಯ ಒತ್ತಡ ಸುಮಾರು 92.6 ಕಿಲೊಪಾಸ್ಕಲ್, ಕರಾವಳಿಯಲ್ಲಿ 101.3. ಏಪ್ರಿಲ್ ಮಧ್ಯಾಹ್ನ ಫಿಲ್ಟರಿಗೆ ಬರುವ ಗಾಳಿ 40 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳೋಣ. ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರಿನ ದಕ್ಷತೆ ಶೇ. 72, ಇಂಟರ್‌ಕೂಲರಿನ ದಕ್ಷತೆ ಶೇ. 70 ಎಂದಿಟ್ಟುಕೊಂಡು ಮೂರು ಸಂದರ್ಭಗಳನ್ನು ಪಕ್ಕಪಕ್ಕ ಇಡುತ್ತೇನೆ.

ಒಂದು: ಕರಾವಳಿ, 25 ಡಿಗ್ರಿ, ಕಂಪನಿ ಕೊಟ್ಟ ಮ್ಯಾಪ್, ಒಟ್ಟು ಒತ್ತಡ 1.8 ಬಾರ್. ಕಂಪ್ರೆಸರಿನಿಂದ ಗಾಳಿ ಸುಮಾರು 99 ಡಿಗ್ರಿಯಲ್ಲಿ ಹೊರಬಂದು, ಇಂಟರ್‌ಕೂಲರ್ ದಾಟಿದಾಗ 47ಕ್ಕೆ ಇಳಿಯುತ್ತದೆ.

ಎರಡು: ದೇಗಾಂವ, 40 ಡಿಗ್ರಿ, ಅದೇ ಮ್ಯಾಪ್, ಅದೇ 1.8 ಬಾರ್. ಹೊರಗಿನ ಒತ್ತಡವೇ ಕಡಿಮೆ ಇರುವುದರಿಂದ ಟರ್ಬೊ 1.78 ಪಟ್ಟಿಗೆ ಬದಲಾಗಿ 1.94 ಪಟ್ಟು ಒತ್ತಬೇಕು. ಗಾಳಿ 131 ಡಿಗ್ರಿಗೆ ಏರುತ್ತದೆ. ಇಂಟರ್‌ಕೂಲರ್ ದಾಟಿದರೂ 67.

ಮೂರು: ದೇಗಾಂವ, 40 ಡಿಗ್ರಿ, ರೀಮ್ಯಾಪ್ ಮಾಡಿ 2.1 ಬಾರ್. ಈಗ ಒತ್ತಬೇಕಾದದ್ದು 2.27 ಪಟ್ಟು. ಗಾಳಿ 155 ಡಿಗ್ರಿ. ಇಂಟರ್‌ಕೂಲರಿನ ಆಚೆ 74.

ಈಗ ಗಾಳಿಯ ತೂಕ ನೋಡೋಣ. ಎರಡನೆಯ ಸಂದರ್ಭದಲ್ಲಿ ಕಾರು ಕರಾವಳಿಗಿಂತ ಶೇ. 6ರಷ್ಟು ಕಡಿಮೆ ಗಾಳಿ ನುಂಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಇದೇ ಸ್ಥಿತಿಯಲ್ಲಿ ಶೇ. 13ರಷ್ಟು ಕಳೆದುಕೊಳ್ಳುತ್ತಿತ್ತು, ಅಂದರೆ ನಷ್ಟದ ಅರ್ಧಕ್ಕಿಂತ ಹೆಚ್ಚನ್ನು ಟರ್ಬೊ ಆಗಲೇ ತುಂಬಿಕೊಟ್ಟಿದೆ. ಮೂರನೆಯ ಸಂದರ್ಭದಲ್ಲಿ ಒತ್ತಡ ಶೇ. 17ರಷ್ಟು ಏರಿದೆ. ಆದರೆ ಕರಾವಳಿಯ ಮೂಲ ಸ್ಥಿತಿಗೆ ಹೋಲಿಸಿದರೆ ಗಾಳಿಯ ತೂಕದ ಏರಿಕೆ ಶೇ. 8ಕ್ಕೂ ತುಸು ಕಡಿಮೆ. ಅದನ್ನು ಪಡೆಯಲು ಗಾಳಿಯ ಬಿಸಿ 27 ಡಿಗ್ರಿ ಹೆಚ್ಚಾಗಿದೆ. ಈ ಬಿಸಿಯಲ್ಲಿ ನಾಕ್ ಸೆನ್ಸರ್ ಎಚ್ಚೆತ್ತು ಇಸಿಯು ಕಿಡಿಯ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ. ಗಾಳಿಯಿಂದ ಬಂದ ಲಾಭದ ಒಂದು ಪಾಲು ಅಲ್ಲೇ ಕರಗುತ್ತದೆ.

ತಯಾರಕರು ಕೊಟ್ಟ ಮ್ಯಾಪಿನಲ್ಲಿ ಕಾಣುವ ಉಳಿಕೆ ಯಾರೋ ಮರೆತು ಬಿಟ್ಟ ಶಕ್ತಿಯಲ್ಲ. ಬಿಸಿಲು, ಎತ್ತರ, ಕಳಪೆ ಇಂಧನ, ಧೂಳು ಕಟ್ಟಿದ ಇಂಟರ್‌ಕೂಲರ್ ಇವುಗಳಿಗೆಂದು ಕಾದಿಟ್ಟ ಅಂತರ ಅದು. ನಮ್ಮ ಬಯಲಿನ ಬೇಸಿಗೆ ಅದರಲ್ಲಿ ಒಂದು ದೊಡ್ಡ ಭಾಗವನ್ನು ಮೊದಲೇ ಬಳಸಿಕೊಂಡಿರುತ್ತದೆ.

3. ಡೈನೊ ಹಾಳೆಯ ಮೇಲಿನ ಒಂದು ಆಕ್ಷೇಪ

ರೀಮ್ಯಾಪ್ ಮಾಡಿದವರು ಪುರಾವೆಯಾಗಿ ಡೈನೊ ಹಾಳೆ ತೋರಿಸುತ್ತಾರೆ. ಆ ಹಾಳೆಯ ಮೂಲೆಯಲ್ಲಿ ಯಾವ ತಿದ್ದುಪಡಿ ಸೂತ್ರ ಬಳಸಿದ್ದಾರೆಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದಬೇಕಾದದ್ದು ಅದನ್ನೇ. ಬೇರೆಬೇರೆ ಊರು, ಬೇರೆಬೇರೆ ಹವೆಯ ಫಲಿತಾಂಶಗಳನ್ನು ಹೋಲಿಸಲು ಎಸ್‌ಎಇ ಜೆ1349 ಎಂಬ ಮಾನಕವಿದೆ. ಅದು 99 ಕಿಲೊಪಾಸ್ಕಲ್, 25 ಡಿಗ್ರಿಯ ಒಣ ಗಾಳಿಯನ್ನು ಆಧಾರವಾಗಿ ಹಿಡಿಯುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅನ್ವಯಿಸುವ ಸೂತ್ರವನ್ನು 92.6 ಕಿಲೊಪಾಸ್ಕಲ್, 40 ಡಿಗ್ರಿಗೆ ಹಾಕಿದರೆ ಗುಣಕ ಸುಮಾರು 1.11 ಬರುತ್ತದೆ.

ಟರ್ಬೊ ಕಾರಿನ ಇಸಿಯು ತನ್ನಷ್ಟಕ್ಕೆ ಹೆಚ್ಚು ಒತ್ತಿ ಎತ್ತರದ ಕೊರತೆಯನ್ನು ಆಗಲೇ ತುಂಬಿರುತ್ತದೆ. ಅದರ ಮೇಲೆ ಈ ಗುಣಕವನ್ನೂ ಹೊರಿಸಿದರೆ ಒಂದೇ ಕೊರತೆಗೆ ಎರಡು ಸಲ ಪರಿಹಾರ ಕೊಟ್ಟಂತೆ. ಅಳತೆಯಲ್ಲಿ 150 ಅಶ್ವಶಕ್ತಿ ಬಂದ ಕಾರು ಹಾಳೆಯ ಮೇಲೆ 167 ತೋರಿಸುತ್ತದೆ, ಒಂದು ಸ್ಕ್ರೂ ಕೂಡ ತಿರುಗಿಸದೆ. ಆದ್ದರಿಂದ ಕೇಳಬೇಕಾದ್ದು ಮೂರು: ತಿದ್ದುಪಡಿ ಇಲ್ಲದ ಅಂಕಿ ಎಷ್ಟು; ರೀಮ್ಯಾಪ್‌ಗೆ ಮೊದಲೂ ಆಮೇಲೂ ಅದೇ ಡೈನೊದಲ್ಲಿ, ಅದೇ ದಿನ ಅಳೆದಿದ್ದಾರೆಯೇ; ಒಂದರ ಹಿಂದೆ ಒಂದರಂತೆ ಐದು ಸಲ ಓಡಿಸಿದಾಗ ಐದನೆಯದರ ಅಂಕಿ ಮೊದಲನೆಯದರ ಹತ್ತಿರ ಇದೆಯೇ. ಮೊದಲ ಓಟದಲ್ಲಿ ಮೆರೆದು ಐದನೆಯದರಲ್ಲಿ ಸೊರಗುವ ಕಾರಿಗೆ ಮ್ಯಾಪಿಗಿಂತ ಮೊದಲು ಬೇಕಾದದ್ದು ತಂಪು.

4. ಡೀಸೆಲ್‌ನಲ್ಲಿ ಪಳಗಿದ ಕೈ

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಈ ನಾಲ್ಕೂ ತಾಲ್ಲೂಕುಗಳ ಯಂತ್ರವಿದ್ಯೆ ಬೆಳೆದದ್ದು ಟ್ರ್ಯಾಕ್ಟರಿನ ಮೇಲೆ. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಡೀಸೆಲ್ ಪಂಪು ಇಲ್ಲಿನ ಮೆಕ್ಯಾನಿಕರಿಗೆ ಅಂಗೈಯಷ್ಟು ಪರಿಚಿತ. ಸುಗ್ಗಿಯಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯಬೇಕಾದಾಗ ಪಂಪಿನಿಂದ ಡೀಸೆಲ್ ಹೆಚ್ಚು ಬಿಡಿಸಿ ಎಂಜಿನ್ನಿಗೆ ಬಲ ಬರಿಸುವುದು ಹಳೆಯ ಪದ್ಧತಿ. ಶಕ್ತಿವೃದ್ಧಿಯ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಚರ್ಚೆ ಮುಂದುವರಿಯಬೇಕು.

ಆದರೆ ಡೀಸೆಲ್‌ನಲ್ಲಿ ಕಲಿತ ಮುಖ್ಯ ನಿಯಮ ಪೆಟ್ರೋಲ್ ಟರ್ಬೊದಲ್ಲಿ ತಲೆಕೆಳಗಾಗುತ್ತದೆ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯೊಂದಿಗೆ ಓಡುತ್ತದೆ. ಅಲ್ಲಿ ಇಂಧನ ಹೆಚ್ಚಿಸಿದಷ್ಟೂ ಬಲ ಹೆಚ್ಚು, ಹೊಗೆಕೊಳವೆಯ ಬಿಸಿಯೂ ಹೆಚ್ಚು. ಮಿತಿ ಮೀರಿದಾಗ ಕಪ್ಪು ಹೊಗೆ ಬಂದು ಕಣ್ಣಿಗೆ ಕಾಣುವ ಎಚ್ಚರಿಕೆ ಸಿಗುತ್ತದೆ. ಪೆಟ್ರೋಲಿನಲ್ಲಿ ಪೂರ್ಣ ಬಲದ ಹೊತ್ತಿಗೆ ಇಂಧನ ತುಸು ಹೆಚ್ಚಿದ್ದರೆ ಎಂಜಿನ್ ತಂಪಾಗಿರುತ್ತದೆ. ಇಂಧನ ಕಡಿಮೆಯಾದರೆ ಬಿಸಿ ಏರುತ್ತದೆ. ಗರಿಷ್ಠ ಶಕ್ತಿ ಸಿಗುವುದು ಲ್ಯಾಂಬ್ಡಾ 0.85ರಿಂದ 0.9ರ ನಡುವೆ, ಅಂದರೆ ಸುಡಲು ಬೇಕಾದ ಗಾಳಿಯ ಶೇ. 85–90ರಷ್ಟೇ ಇರುವಾಗ. ಟರ್ಬೈನ್ ಬಾಯಿಯಲ್ಲಿ ಇಂಥ ಎಂಜಿನ್ನಿನ ಅನಿಲ 950 ಡಿಗ್ರಿ ದಾಟಬಲ್ಲದು. ಡೀಸೆಲ್‌ನಲ್ಲಿ ಇದು ಸಾಮಾನ್ಯವಾಗಿ 850ರ ಒಳಗೆ ಇರುತ್ತದೆ. ಇನ್ನೂ ಮುಖ್ಯವಾದದ್ದು, ಪೆಟ್ರೋಲ್ ಎಂಜಿನ್ ಕಪ್ಪು ಹೊಗೆಯ ಎಚ್ಚರಿಕೆ ಕೊಡುವುದಿಲ್ಲ. ನಾಕ್ ಹೆಚ್ಚಿದಾಗ ಕಾಣುವ ಗುರುತು ಇಸಿಯುವಿನ ದಾಖಲೆಯಲ್ಲಿ ಮಾತ್ರ: ಯಾವ ಸಿಲಿಂಡರಿನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿದಿದೆ ಎಂಬ ಅಂಕಿ. ಅದನ್ನು ಓದದೆ ಕಿವಿ ಮತ್ತು ಹೊಗೆಯನ್ನು ನಂಬಿದರೆ ಪಿಸ್ಟನ್ನಿನ ಉಂಗುರದ ಅಂಚು ಮುರಿದ ಮೇಲೆಯೇ ಗೊತ್ತಾಗುವುದು.

ಈ ಮಾತು ಕಾರುಗಳಿಗಷ್ಟೇ ನಿಲ್ಲುವುದಿಲ್ಲ. 2023ರ ಜನವರಿ 1ರಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದಿದೆ. ಅದರಿಂದ ದೊಡ್ಡ ಟ್ರ್ಯಾಕ್ಟರುಗಳಲ್ಲೂ ಸ್ಕ್ರೂ ತಿರುಗಿಸುವ ಪಂಪಿನ ಜಾಗಕ್ಕೆ ಕಾಮನ್ ರೇಲ್ ಮತ್ತು ಇಸಿಯು ಬಂದಿವೆ. ಅಂಕಿ ಓದುವ ವಿದ್ಯೆ ಇನ್ನು ಮುಂದೆ ಹೊಲಕ್ಕೂ ಬೇಕು.

5. ಕಬ್ಬಿನಿಂದ ಟ್ಯಾಂಕಿಗೆ

ಶೇ. 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಅದೇ ಸಾಮಾನ್ಯ ಪೆಟ್ರೋಲ್. ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಬೆಳಗಾವಿ. ಕಿತ್ತೂರಿನ ಹತ್ತಿರ ಎಂ.ಕೆ. ಹುಬ್ಬಳ್ಳಿಯಲ್ಲೂ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಒಂದು ಟನ್ ಕಬ್ಬಿನ ಹಾಲಿನಿಂದ ನೇರವಾಗಿ ಸುಮಾರು 70 ಲೀಟರ್ ಎಥನಾಲ್ ತೆಗೆಯಬಹುದು. ವರ್ಟಸ್‌ನ 45 ಲೀಟರ್ ಟ್ಯಾಂಕ್ ತುಂಬಿಸಿದರೆ ಅದರಲ್ಲಿ 9 ಲೀಟರ್ ಎಥನಾಲ್, ಅಂದರೆ ಸುಮಾರು 130 ಕಿಲೊ ಕಬ್ಬು. ರೈತ ಬೆಳೆದದ್ದೇ ಟರ್ಬೊದ ನಾಕ್ ಮಿತಿಯನ್ನು ಬದಲಿಸುತ್ತಿದೆ.

ಬದಲಿಸುವುದು ಹೇಗೆಂದು ವಿವರವಾಗಿ ನೋಡಬೇಕು, ಏಕೆಂದರೆ ಇದರ ಬಗ್ಗೆ ಎರಡೂ ಕಡೆ ಅತಿಶಯದ ಮಾತುಗಳಿವೆ. ಶುದ್ಧ ಎಥನಾಲಿನ ಆಕ್ಟೇನ್ ಸಂಖ್ಯೆ 108ರ ಆಸುಪಾಸು. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಲೆಕ್ಕದಲ್ಲಿ ಇ-20ರ ಆಕ್ಟೇನ್ ಸುಮಾರು 95. ಬಿಎಸ್-6 ಹೊಗೆ ನಿಯಮ ಕೇಳುವ ಕನಿಷ್ಠ 91. ಆವಿಯಾಗುವಾಗ ಎಥನಾಲ್ ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಹೀರುತ್ತದೆ. ನೇರವಾಗಿ ಸಿಲಿಂಡರಿಗೇ ಇಂಧನ ಚಿಮ್ಮಿಸುವ ಟಿಎಸ್‌ಐ ಮಾದರಿಯ ಎಂಜಿನ್ನಿನಲ್ಲಿ ಆ ತಂಪು ಸಿಲಿಂಡರಿನೊಳಗೇ ಸಿಗುತ್ತದೆ. ಎರಡನೆಯ ಭಾಗದಲ್ಲಿ ಬಿಸಿಲು ಕಸಿದುಕೊಂಡದ್ದರಲ್ಲಿ ಸ್ವಲ್ಪವನ್ನು ಕಬ್ಬು ಹಿಂದಕ್ಕೆ ಕೊಡುತ್ತದೆ ಎಂದರೆ ತಪ್ಪಿಲ್ಲ.

ಇನ್ನು ನಷ್ಟದ ಪಟ್ಟಿ. ಲೀಟರೊಂದರಲ್ಲಿ ಇ-20 ಶುದ್ಧ ಪೆಟ್ರೋಲಿಗಿಂತ ಶೇ. 6–7ರಷ್ಟು ಕಡಿಮೆ ಶಾಖ ಹೊಂದಿದೆ. ಇದರಿಂದ ಕಾರಿನ ಬಲ ಕುಗ್ಗುತ್ತದೆ ಎಂದು ಹಲವರು ಹೇಳುತ್ತಾರೆ; ಅದು ಸರಿಯಲ್ಲ. ಎಂಜಿನ್ನಿನ ಬಲ ನಿರ್ಧಾರವಾಗುವುದು ನುಂಗಿದ ಗಾಳಿಯಿಂದ. ಒಂದು ಕಿಲೊ ಗಾಳಿಯೊಂದಿಗೆ ಸುಡುವ ಪೆಟ್ರೋಲ್ ಆಗಲಿ, ಎಥನಾಲ್ ಆಗಲಿ ಕೊಡುವ ಶಾಖ ಹೆಚ್ಚುಕಡಿಮೆ ಸಮ, ಸುಮಾರು 3 ಮೆಗಾಜೂಲ್. ಕಡಿಮೆಯಾಗುವುದು ಮೈಲೇಜ್, ಬಲವಲ್ಲ. ಆದರೆ ಅದೇ ಗಾಳಿಗೆ ಇ-20 ತೂಕದಲ್ಲಿ ಶೇ. 8–9ರಷ್ಟು ಹೆಚ್ಚು ಬೇಕು. ಇಂಜೆಕ್ಟರ್ ಮತ್ತು ಅಧಿಕ ಒತ್ತಡದ ಇಂಧನ ಪಂಪು ಅಷ್ಟು ಹೆಚ್ಚು ಕೊಡಲು ಸಮರ್ಥವಿರಬೇಕು. ಇ-20ಗೆ ಸಿದ್ಧವಿಲ್ಲದ ಹಳೆಯ ಕಾರಿನಲ್ಲಿ ಇದರ ಮೇಲೆ ರೀಮ್ಯಾಪ್ ಕೂಡ ಮಾಡಿಸಿದರೆ ಪಂಪು ತನ್ನ ಮಿತಿ ಮುಟ್ಟುತ್ತದೆ, ಇಂಜೆಕ್ಟರುಗಳಿಗೆ ಇಂಧನ ಹಂಚುವ ರೇಲಿನ ಒತ್ತಡ ಕುಸಿಯುತ್ತದೆ, ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನಲ್ಲಿ ತೆಳು ಮಿಶ್ರಣವೆಂದರೆ ಏನೆಂದು ಮೇಲೆ ಹೇಳಿದೆ. ರೇಲಿನ ಒತ್ತಡದ ದಾಖಲೆ ನೋಡದೆ ಇ-20 ಕಾರಿಗೆ ಮ್ಯಾಪ್ ಹಾಕುವುದು ಹೊಣೆಗೇಡಿತನ.

6. ಎಂಜಿನ್ನಿನಾಚೆಯ ಮಿತಿಗಳು

ವರ್ಟಸ್ 1.5 ಟಿಎಸ್‌ಐ ಕೊಡುವ ಗರಿಷ್ಠ ಟಾರ್ಕ್ 250 ನ್ಯೂಟನ್ ಮೀಟರ್. ಅದರ ಏಳು ಗೇರಿನ, ಒಣ ಕ್ಲಚ್ಚಿನ ಡಿಕ್ಯು200 ಗೇರ್‌ಬಾಕ್ಸಿಗೆ ತಯಾರಕರು ನಿಗದಿ ಮಾಡಿದ ಮಿತಿಯೂ 250. ಕಾಗದದ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಒಂದು ನ್ಯೂಟನ್ ಮೀಟರಿನಷ್ಟೂ ಅಂತರ ಉಳಿದಿಲ್ಲ. ರೀಮ್ಯಾಪ್ ಟಾರ್ಕನ್ನು 300ಕ್ಕೆ ಒಯ್ದರೆ ಆ ಭಾರ ಬೀಳುವುದು ಕ್ಲಚ್ಚಿನ ಮೇಲೆ. ಟಾರ್ಕನ್ನು ಏರಿಸದೆ, ಅಷ್ಟನ್ನೇ ಮೇಲಿನ ಆರ್‌ಪಿಎಂವರೆಗೂ ಉಳಿಸಿಕೊಳ್ಳುವ ಮ್ಯಾಪ್ ಗೇರ್‌ಬಾಕ್ಸಿನ ಮಟ್ಟಿಗೆ ಹೆಚ್ಚು ವಿವೇಕದ್ದು. ಇಂಥದ್ದನ್ನು ಕೇಳುವ ಗಿರಾಕಿಗಳು ಕಡಿಮೆ.

ಸಣ್ಣ ನೇರ ಇಂಜೆಕ್ಷನ್ ಟರ್ಬೊಗಳಿಗೆ ಇನ್ನೊಂದು ಕಾಯಿಲೆ ಇದೆ: ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಬಲ ಕೇಳಿದಾಗ ಕಿಡಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದು. ಸಿಲಿಂಡರ್ ಗೋಡೆಯ ಎಣ್ಣೆಹನಿ ಮತ್ತು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ ಇದಕ್ಕೆ ಒತ್ತಾಸೆ ಕೊಡುತ್ತವೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆ ಇದನ್ನೂ ತಡೆಯುವಂತೆ ರೂಪಿಸಿದ್ದು. ರೀಮ್ಯಾಪ್ ಮಾಡಿದ ಕಾರನ್ನು ಕಿತ್ತೂರಿನ ಏರಿನಲ್ಲಿ ಆರನೇ ಗೇರಿನಲ್ಲಿ, 1,500 ಆರ್‌ಪಿಎಂನಲ್ಲಿ ಒತ್ತಿ ಹತ್ತಿಸುವುದು ಈ ಕಾಯಿಲೆಯನ್ನು ಆಹ್ವಾನಿಸಿದಂತೆ. ಗೇರ್ ಇಳಿಸುವುದೇ ಔಷಧ.

ಕೊನೆಯದು ರಸ್ತೆ. ಕಬ್ಬಿನ ಹಂಗಾಮಿನಲ್ಲಿ ಹೆದ್ದಾರಿಯ ಮೇಲೆ ಗಂಟೆಗೆ 20 ಕಿ.ಮೀ. ವೇಗದಲ್ಲಿ, ಹಿಂದಿನ ದೀಪವೂ ಇಲ್ಲದೆ ಸಾಗುವ ಟ್ರೇಲರುಗಳನ್ನು ಈ ಭಾಗದವರೆಲ್ಲ ಕಂಡಿದ್ದಾರೆ. 120ರಲ್ಲಿ ಬರುವ ಕಾರು ಅದನ್ನು ಸೆಕೆಂಡಿಗೆ 28 ಮೀಟರಿನಂತೆ ಸಮೀಪಿಸುತ್ತದೆ. ಕಂಡು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 42 ಮೀಟರ್ ಮುಗಿದಿರುತ್ತದೆ. ಬ್ರೇಕ್, ಟೈರುಗಳಿಗೆ ಖರ್ಚು ಮಾಡದೆ ಶಕ್ತಿಗೆ ಮಾತ್ರ ಖರ್ಚು ಮಾಡಿದ ಕಾರು ಅಪೂರ್ಣ ಕೆಲಸ.

7. ಕಾನೂನು ಮತ್ತು ಕ್ರೀಡೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣದಂತೆ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಪ್ರಕರಣ, ಅನುಮತಿಯಿಲ್ಲದೆ ಬಿಡಿಭಾಗ ಹಾಕಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಪಿಯುಸಿ ಹೊಗೆ ಪರೀಕ್ಷೆ ಪಾಸಾಯಿತಲ್ಲ ಎಂಬ ಸಮಾಧಾನ ಸಾಲದು. ಆ ಪರೀಕ್ಷೆ ನಿಂತ ಕಾರಿನ ಹೊಗೆಯನ್ನು ಅಳೆಯುತ್ತದೆ. ರೀಮ್ಯಾಪ್ ಕೆಡಿಸುವುದು ಪೂರ್ಣ ಬಲದಲ್ಲಿ ಓಡುವಾಗಿನ ಹೊಗೆಯನ್ನು.

ಇದೇ ವಿದ್ಯೆಗೆ ಗೌರವದ ಜಾಗ ಕ್ರೀಡೆಯಲ್ಲಿದೆ. ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದಿದೆ. 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5, 1.6 ಲೀಟರ್ ಟರ್ಬೊ. ಆ ವರ್ಗದ ನಿಯಮ ಟರ್ಬೊದ ಬಾಯಿಗೆ 32 ಮಿಲಿಮೀಟರಿನ ರೆಸ್ಟ್ರಿಕ್ಟರ್ ಕಡ್ಡಾಯ ಮಾಡುತ್ತದೆ. ಅಷ್ಟು ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಬೂಸ್ಟ್ ಎಷ್ಟು ಏರಿಸಿದರೂ ಒಂದು ಗ್ರಾಂ ಹೆಚ್ಚು ಗಾಳಿ ಒಳಬರದು. ನಿಯಮ ಬರೆದವರು ಬೂಸ್ಟಿನ ಮಿತಿಯನ್ನಷ್ಟೇ ನಂಬಲಿಲ್ಲ, ಗಾಳಿಗೇ ಮಿತಿ ಹಾಕಿದರು. ಈ ಟಿಪ್ಪಣಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

8. ನಿರ್ಣಯ

ಈ ಬಯಲಿನಲ್ಲಿ ಟರ್ಬೊ ಸೆಡಾನಿನ ಕೆಲಸ ನಡೆಯಬೇಕಾದ ಕ್ರಮ ಹೀಗೆ: ಮೊದಲು ಅಳತೆ, ಅಂದರೆ ಬೇಸಿಗೆಯ ಮಧ್ಯಾಹ್ನ ಒಳಬರುವ ಗಾಳಿಯ ಬಿಸಿ, ಕಿಡಿಯ ಹಿಂಜರಿತ, ಲ್ಯಾಂಬ್ಡಾ ಮತ್ತು ರೇಲಿನ ಒತ್ತಡದ ದಾಖಲೆ. ಆಮೇಲೆ ತಂಪು: ಇಂಟರ್‌ಕೂಲರ್ ಸ್ವಚ್ಛ ಮಾಡುವುದು, ಬೇಕಾದರೆ ದೊಡ್ಡದು. ಮೂರನೆಯದು ಇಂಧನ ಮತ್ತು ಆಯಿಲ್. ನಾಲ್ಕನೆಯದು ಬ್ರೇಕ್, ಟೈರು. ಮ್ಯಾಪ್ ಕಟ್ಟಕಡೆಗೆ, ಅದೂ ಕ್ರೀಡೆಯ ಕಾರಿಗೆ. ಸಾರ್ವಜನಿಕ ರಸ್ತೆಯ ಕಾರಿಗೆ ಮೊದಲ ನಾಲ್ಕು ಹೆಜ್ಜೆಗಳೇ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಕಂಪನಿ ಹೇಳಿದ 150 ಅಶ್ವಶಕ್ತಿಯ ಹತ್ತಿರ ಹತ್ತಿರ ಐದನೆಯ ಓಟದಲ್ಲೂ ಕೊಡುವ ಕಾರು, ಒಮ್ಮೆ 190 ತೋರಿಸಿ ಸುಸ್ತಾಗುವ ಕಾರಿಗಿಂತ ನಿಜಕ್ಕೂ ವೇಗದ್ದು.

ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯೂ ಇದೆ. ಒಂದು ಎಂಜಿನ್ ಬಲ್ಲದು, ಇನ್ನೊಂದು ಎಥನಾಲ್ ಬಲ್ಲದು. ಇವೆರಡೂ ಸೇರಿ ಇದೇ ಎತ್ತರ, ಇದೇ ಬಿಸಿಲು, ಇದೇ ಇ-20ರಲ್ಲಿ ಟರ್ಬೊ ಎಂಜಿನ್ನಿನ ನಾಕ್ ಮಿತಿಯನ್ನು ಅಳೆದು ಕನ್ನಡದಲ್ಲಿ ಪ್ರಕಟಿಸಲಿ. ಬೈಲಹೊಂಗಲ, ಕಿತ್ತೂರಿನ ಡೀಸೆಲ್ ಮೆಕ್ಯಾನಿಕರಿಗೆ ಇಸಿಯು ದಾಖಲೆ ಓದುವ ತರಬೇತಿ ಕೊಡಲಿ. ಪಂಪಿನ ಕೆಲಸವನ್ನು ಕೈಬೆರಳಿನಲ್ಲಿ ಬಲ್ಲ ಆ ಜನ ಅಂಕಿಗಳನ್ನೂ ಬೇಗ ಕಲಿಯುತ್ತಾರೆ. ಕಲಿಸುವ ಕೆಲಸ ಶುರುವಾಗಬೇಕು.